ಮೆಮೆಂಟೊ: ಮೇಲಿನ ಹಾಳೆಯಿಂದ ಓದಬೇಕಾದ ಕಡತ

ಮೆಮೆಂಟೊ ಎಂಬ ಇಂಗ್ಲಿಷ್ ಚಿತ್ರವನ್ನು ನೋಡಬಹುದೇ ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಖಂಡಿತ ನೋಡಿ. ಆದರೆ ಊಟದ ತಟ್ಟೆ ಮುಂದಿಟ್ಟುಕೊಂಡು, ಮೊಬೈಲ್ ಉಜ್ಜುತ್ತ, ಬಂದವರಿಗೆ ಬಾಗಿಲು ತೆಗೆಯುತ್ತ ನೋಡುವ ಚಿತ್ರ ಇದಲ್ಲ. ಇರುವುದು ಎರಡು ಗಂಟೆಗೂ ಕಡಿಮೆ. ಮಿರ್ಚಿ, ಮಂಡಕ್ಕಿ ಏನಿದ್ದರೂ ಮೊದಲೇ ತಿಂದು ಕೈ ತೊಳೆದು ಕುಳಿತುಕೊಳ್ಳಿ. ಐದು ನಿಮಿಷ ಅಡುಗೆಮನೆಗೆ ಹೋಗಿ ಬಂದರೆ ಮುಂದಿನ ಅರ್ಧ ಗಂಟೆ ಪಕ್ಕದವರನ್ನು ಕೇಳುತ್ತ ಕೂರಬೇಕಾಗುತ್ತದೆ, ಅವರಿಗೂ ಗೊತ್ತಿರುವುದಿಲ್ಲ.

ನಾನು ದಾವಣಗೆರೆಯಲ್ಲಿ ವಾಹನ ವಿಮೆಯ ಸರ್ವೇಯರ್. ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಹರಿಹರದ ಕಡೆಯೋ ಆನಗೋಡಿನ ಕಡೆಯೋ ಲಾರಿ ಮಗುಚಿದರೆ ಕ್ಯಾಮೆರಾ ಹಿಡಿದು ಹೋಗುವವನು. ಚಿತ್ರ ವಿಮರ್ಶೆ ನನ್ನ ಕಸುಬಲ್ಲ. ಎಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗ, "ಮಾವ, ಇದು ನಿಮ್ಮ ಕಸುಬಿನವನ ಕಥೆ, ನೀವು ನೋಡಲೇಬೇಕು" ಎಂದು ದುಂಬಾಲು ಬಿದ್ದ. ಅವನು ಹೇಳಿದ್ದು ಸುಳ್ಳಲ್ಲ. ನಾಯಕ ಲಿಯೊನಾರ್ಡ್ ಶೆಲ್ಬಿ ವಿಮಾ ಕಂಪನಿಯಲ್ಲಿ ಕ್ಲೇಮುಗಳ ತನಿಖೆ ಮಾಡುತ್ತಿದ್ದವನು. ಮನೆಗೆ ನುಗ್ಗಿದವರು ಹೆಂಡತಿಯ ಮೇಲೆ ಎರಗಿದ ರಾತ್ರಿ ಇವನ ತಲೆಗೂ ಪೆಟ್ಟು ಬಿದ್ದಿದೆ. ಅಲ್ಲಿಯವರೆಗಿನದೆಲ್ಲ ನೆನಪಿದೆ, ಆಮೇಲಿನದು ಯಾವುದೂ ಕೆಲವು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಆದ್ದರಿಂದ ಕ್ಯಾಮೆರಾದಿಂದ ಆಗಲೇ ಹೊರಬರುವ ಪೋಲರಾಯ್ಡ್ ಫೋಟೊ ತೆಗೆದು, ಕೆಳಗಿನ ಬಿಳಿ ಅಂಚಿನಲ್ಲಿ ಪೆನ್ನಿನಿಂದ ಬರೆದು, ಮುಖ್ಯವಾದದ್ದನ್ನು ಮೈಮೇಲೆ ಹಚ್ಚೆ ಹಾಕಿಸಿಕೊಂಡು ಕೊಲೆಗಾರನನ್ನು ಹುಡುಕುತ್ತಿದ್ದಾನೆ.

"ಇದು ಗಜನಿ ಅಲ್ಲವೇ?" ಎಂದು ನನ್ನವಳು ಕೇಳಿದಳು. ಹಚ್ಚೆ, ಫೋಟೊ, ಮರೆವು ಎಲ್ಲ ಇಲ್ಲಿಂದ ಹೋದದ್ದೇ. 2005ರ ತಮಿಳಿನದು, 2008ರ ಹಿಂದಿಯದು ಎರಡಕ್ಕೂ ಬೇರು ಇದೇ. ಆದರೆ ಅವು ಮರೆವನ್ನಷ್ಟೇ ತೆಗೆದುಕೊಂಡು ಪ್ರೇಮಕಥೆ ಕಟ್ಟಿ, ಹೊಡೆದಾಟ ಸೇರಿಸಿದವು. ಕಥೆ ಹೇಳುವ ಕ್ರಮವನ್ನು ಅಲ್ಲಿಯೇ ಬಿಟ್ಟು ಬಂದವು. ನನ್ನ ಮಟ್ಟಿಗೆ ಮೆಮೆಂಟೊದ ಹುರುಳೆಲ್ಲ ಆ ಕ್ರಮದಲ್ಲೇ ಇದೆ.

ಅದನ್ನು ವಿವರಿಸಲು ನನಗೆ ಕಚೇರಿಯ ಕಡತವೇ ಸುಲಭ. ಕಡತದಲ್ಲಿ ಹೊಸ ಕಾಗದ ಬಂದಂತೆಲ್ಲ ಹಳೆಯದರ ಮೇಲೆ ಕೂರುತ್ತದೆ. ಟ್ಯಾಗ್ ಬಿಚ್ಚದೆ ಓದತೊಡಗಿದರೆ ಮೊದಲು ಸಿಗುವುದು ಹಣ ಮಂಜೂರಾದ ಪತ್ರ, ಅದರಡಿ ಗ್ಯಾರೇಜಿನ ಬಿಲ್ಲು, ಅದರಡಿ ಮಹಜರು, ಎಲ್ಲಕ್ಕಿಂತ ಕೆಳಗೆ ಅಪಘಾತವಾಯಿತೆಂದು ತಿಳಿಸಿದ ಮೊದಲ ಅರ್ಜಿ. ಚಿತ್ರದ ಬಣ್ಣದ ದೃಶ್ಯಗಳು ಹೀಗೆ ಮೇಲಿನಿಂದ ಕೆಳಕ್ಕೆ ಹೋಗುತ್ತವೆ. ಕಥೆಯ ಕೊನೆಯ ಘಟನೆ ಮೊದಲು ಬರುತ್ತದೆ, ಪ್ರತಿ ದೃಶ್ಯವೂ ಹಿಂದೆ ನಾವು ನೋಡಿದ ದೃಶ್ಯ ಶುರುವಾದ ಜಾಗಕ್ಕೆ ಬಂದು ಮುಗಿಯುತ್ತದೆ. ಇವುಗಳ ನಡುವೆ ಕಪ್ಪು-ಬಿಳುಪಿನ ತುಣುಕುಗಳಿವೆ: ಮೋಟೆಲ್ ಕೋಣೆಯಲ್ಲಿ ಕುಳಿತ ಲಿಯೊನಾರ್ಡ್ ಯಾರೊಂದಿಗೋ ಫೋನಿನಲ್ಲಿ ಮಾತನಾಡುತ್ತಿದ್ದಾನೆ. ಅವು ಮಾತ್ರ ಕಡತದ ಎಡಬದಿಯ ಟಿಪ್ಪಣಿ ಹಾಳೆಯ ಹಾಗೆ ನೇರವಾಗಿ ಮುಂದಕ್ಕೆ ಸಾಗುತ್ತವೆ. ಎರಡೂ ಕೊನೆಗೆ ಒಂದೆಡೆ ಕೂಡುತ್ತವೆ. ಅಲ್ಲಿ ಒಂದು ಪೋಲರಾಯ್ಡ್ ಮೆಲ್ಲಗೆ ಬಣ್ಣ ಪಡೆಯುತ್ತಿದ್ದಂತೆ ಇಡೀ ಪರದೆಗೇ ಬಣ್ಣ ಬರುತ್ತದೆ, ನೋಡುತ್ತಿರುವವರಿಗೆ ಅದು ಗೊತ್ತೂ ಆಗುವುದಿಲ್ಲ. ಈ ಬೆಸುಗೆಗಾಗಿಯೇ ಸಂಕಲನಕಾರ್ತಿ ಡೋಡಿ ಡಾರ್ನ್ ಅವರ ಹೆಸರು ಆಸ್ಕರ್ ನಾಮನಿರ್ದೇಶನದ ಪಟ್ಟಿ ಸೇರಿತು. ಚಿತ್ರಕಥೆಗೂ ನಾಮನಿರ್ದೇಶನ ಸಿಕ್ಕಿತ್ತು. ಪ್ರಶಸ್ತಿ ಎರಡಕ್ಕೂ ಬರಲಿಲ್ಲ.

ಹೀಗೆ ತಿರುಗಿಸಿ ಹೇಳಿದ್ದು ಚಮತ್ಕಾರಕ್ಕಷ್ಟೇ ಎಂದುಕೊಂಡವರು ಪೆನ್ನಿನ ದೃಶ್ಯವನ್ನು ಗಮನಿಸಬೇಕು. ನಟಾಲಿ ಎಂಬ ಹೆಂಗಸು (ಕ್ಯಾರಿ-ಆ್ಯನ್ ಮಾಸ್) ಮುಖದ ಮೇಲೆ ಏಟಿನ ಗುರುತು ಹೊತ್ತು ಬರುತ್ತಾಳೆ, ಒಬ್ಬನ ಹೆಸರು ಹೇಳುತ್ತಾಳೆ, ಲಿಯೊನಾರ್ಡ್ ಅವಳ ನೆರವಿಗೆ ನಿಲ್ಲುತ್ತಾನೆ. ನಾವೂ ಅಯ್ಯೋ ಪಾಪ ಎಂದಿರುತ್ತೇವೆ. ಅದರ ಹಿಂದಿನ ಭಾಗ ಆಮೇಲೆ ಬರುತ್ತದೆ. ಮನೆಯಲ್ಲಿದ್ದ ಪೆನ್ನುಗಳನ್ನೆಲ್ಲ ಅವಳು ತನ್ನ ಚೀಲಕ್ಕೆ ತುಂಬಿಕೊಳ್ಳುತ್ತಾಳೆ. ಆಮೇಲೆ ಅವನ ಸತ್ತ ಹೆಂಡತಿಯ ಹೆಸರೆತ್ತಿ ಹೀನಾಮಾನ ಬೈಯುತ್ತಾಳೆ. ಅವನು ಕೈ ಎತ್ತುತ್ತಾನೆ. ಅವಳು ತಣ್ಣಗೆ ಹೊರನಡೆದು ಕಾರಿನಲ್ಲಿ ಕೂರುತ್ತಾಳೆ. ಒಳಗೆ ಇವನು ಮರೆಯುವ ಮೊದಲು ಬರೆದಿಡಬೇಕೆಂದು ಮೇಜು, ಡ್ರಾಯರು, ಕಪಾಟು ಎಲ್ಲ ಜಾಲಾಡುತ್ತಾನೆ. ಪೆನ್ನಿಲ್ಲ. ಕಾರಿನ ಬಾಗಿಲ ಸದ್ದು ಕೇಳುತ್ತದೆ, ಅಷ್ಟರಲ್ಲಿ ಅವನಿಗೆ ಮರೆತುಹೋಗಿದೆ. ಇದನ್ನು ನೇರ ಕ್ರಮದಲ್ಲಿ ತೋರಿಸಿದ್ದರೆ ನಾವು ಮೇಲೆ ನಿಂತು ಅವನ ಅವಸ್ಥೆ ನೋಡುತ್ತಿದ್ದೆವು. ತಿರುಗಿಸಿ ತೋರಿಸಿದ್ದರಿಂದ ಅವನೊಂದಿಗೆ ನಾವೂ ಮೋಸ ಹೋದೆವು. ನನ್ನವಳಿಗೆ ಆ ಹೆಂಗಸಿನ ಮೇಲೆ ಬಂದ ಸಿಟ್ಟು ರಾತ್ರಿ ಮಲಗುವವರೆಗೂ ಇಳಿಯಲಿಲ್ಲ.

ಕಸುಬಿನ ಕಣ್ಣಿಗೆ ಕಂಡದ್ದು ಬೇರೆಯೇ. ಲಿಯೊನಾರ್ಡ್ ಓಡಿಸುವುದು ಜಾಗ್ವಾರ್ ಕಾರು. ಕ್ಲೇಮು ತನಿಖೆ ಮಾಡುವವನಿಗೆ ಜಾಗ್ವಾರ್! ಹೆಂಡತಿ ಸತ್ತಾಗ ವಿಮೆ ಹಣ ಬಂತು ಎಂದು ಅವನು ಹೇಳುತ್ತಾನೆ. ನಮ್ಮ ವೃತ್ತಿಯಲ್ಲಿರುವ ಯಾರೂ ಆ ಮಾತನ್ನು ಅಷ್ಟು ಸಲೀಸಾಗಿ ನಂಬುವುದಿಲ್ಲ. ಜೊತೆಗೆ ಕಾರಿನ ಕಿಟಕಿಯ ಗಾಜು ಒಡೆದಿದೆ. ಒಡೆದ ಗಾಜನ್ನು ಮೊದಲು ನೋಡಿ ಒಡೆದ ಕಾರಣವನ್ನು ಆಮೇಲೆ ಹುಡುಕುವುದು ನನ್ನ ದಿನದ ಕೆಲಸ, ಈ ಚಿತ್ರ ಮಾಡುವುದೂ ಅದನ್ನೇ. ಕಾರು ಯಾರದು ಎಂಬ ಪ್ರಶ್ನೆಯನ್ನು ಕೊನೆಯವರೆಗೆ ಕೈಯಲ್ಲಿ ಹಿಡಿದುಕೊಂಡಿರಿ. ಉತ್ತರ ಇದೆ, ನಾನು ಹೇಳುವುದಿಲ್ಲ.

ನೆನಪನ್ನು ನಂಬಬೇಡಿ, ದಾಖಲೆಯನ್ನು ನಂಬಿ ಎನ್ನುವುದು ಲಿಯೊನಾರ್ಡ್‌ನ ಸಿದ್ಧಾಂತ. ಕೇಳಲು ಚೆನ್ನಾಗಿದೆ. ಆದರೆ ದಾಖಲೆಗಳ ನಡುವೆ ಬಾಳುವವರಿಗೆ ಅದರ ಬಂಡವಾಳ ಗೊತ್ತು. ಲಾರಿಯ ಕ್ಯಾಬಿನ್ ಜಜ್ಜಿಹೋದ ಫೋಟೊ ಅಪ್ಪಟ ಸತ್ಯವಾಗಿರುತ್ತದೆ. ಅದರ ಕೆಳಗೆ ಚಾಲಕನ ಹೆಸರೆಂದು ಬರೆದಿರುವುದು ಆ ರಾತ್ರಿ ಮನೆಯಲ್ಲಿ ಮಲಗಿದ್ದ, ಪರವಾನಗಿ ಇರುವ ಅಣ್ಣನ ಹೆಸರು. ನಿಜವಾಗಿ ಓಡಿಸಿದ ತಮ್ಮನಿಗೆ ಪರವಾನಗಿಯೇ ಇರುವುದಿಲ್ಲ. ಫೋಟೊ ಸುಳ್ಳಾಡದು, ಸುಳ್ಳಾಡುವುದು ಅದರಡಿಯ ಸಾಲು. ಲಿಯೊನಾರ್ಡ್‌ನ ಬಳಿ ಟೆಡ್ಡಿ ಎಂಬವನ ಫೋಟೊ ಇದೆ, ಇವನ ಮಾತು ನಂಬಬೇಡ ಎಂದು ಬರೆದಿದೆ. ಅಕ್ಷರ ತನ್ನದೇ ಆದ್ದರಿಂದ ಅವನು ಮರುಪ್ರಶ್ನೆ ಹಾಕುವುದಿಲ್ಲ. ಅವನು ಹೊತ್ತು ತಿರುಗುವ ಪೊಲೀಸ್ ಕಡತದಲ್ಲಿ ಹನ್ನೆರಡು ಪುಟಗಳಿಲ್ಲ, ಕೆಲವು ಸಾಲುಗಳನ್ನು ಹೊಡೆದುಹಾಕಲಾಗಿದೆ. ಅಂಥ ಕಡತ ನನ್ನ ಮೇಜಿಗೆ ಬಂದರೆ ಮೊದಲು ಕೇಳುವುದು, ಪುಟ ಕಿತ್ತವರು ಯಾರು ಎಂದು. ಚಿತ್ರವೂ ಸುತ್ತಿ ಬಳಸಿ ಅಲ್ಲಿಗೇ ಬರುತ್ತದೆ.

ನನ್ನನ್ನು ಎಲ್ಲಕ್ಕಿಂತ ಕಾಡಿದ್ದು ಸ್ಯಾಮಿಯ ಉಪಕಥೆ. ಲಿಯೊನಾರ್ಡ್ ಕೆಲಸದಲ್ಲಿದ್ದಾಗ ಕೈಗೆ ಬಂದ ಕ್ಲೇಮು ಅದು. ಸ್ಯಾಮಿಗೂ ಹೊಸ ನೆನಪು ನಿಲ್ಲದ ಕಾಯಿಲೆ. ಕೆಲವು ವಸ್ತುಗಳಿಗೆ ವಿದ್ಯುತ್ ಹರಿಸಿ ಪರೀಕ್ಷೆ ಮಾಡುತ್ತಾರೆ. ಶಾಕ್ ಹೊಡೆದ ವಸ್ತುವನ್ನೇ ಅವನು ಮತ್ತೆ ಮತ್ತೆ ಮುಟ್ಟುತ್ತಾನೆ. ನೆನಪಿಲ್ಲದಿದ್ದರೂ ಮೈಗೆ ಅಭ್ಯಾಸ ಹತ್ತಬೇಕಿತ್ತು, ಹತ್ತಲಿಲ್ಲ, ಆದ್ದರಿಂದ ಇದು ಮೆದುಳಿನ ಗಾಯವಲ್ಲ, ಮನಸ್ಸಿನದು, ಪಾಲಿಸಿಯಲ್ಲಿ ಬರುವುದಿಲ್ಲ ಎಂದು ಲಿಯೊನಾರ್ಡ್ ಷರಾ ಬರೆಯುತ್ತಾನೆ. ಈ ತರ್ಕ ಹವೆಯಲ್ಲಿ ಹುಟ್ಟಿದ್ದಲ್ಲ. 1953ರಲ್ಲಿ ಅಮೆರಿಕದಲ್ಲಿ ಹೆನ್ರಿ ಮೊಲೈಸನ್ ಎಂಬ ತರುಣನಿಗೆ ಮೂರ್ಛೆರೋಗ ನಿಲ್ಲಿಸಲೆಂದು ಮೆದುಳಿನ ಹಿಪ್ಪೊಕ್ಯಾಂಪಸ್ ಭಾಗವನ್ನು ಎರಡೂ ಬದಿಯಿಂದ ಬಹುಪಾಲು ತೆಗೆದರು. 2008ರಲ್ಲಿ ತೀರಿಕೊಳ್ಳುವವರೆಗೂ ಅವರಿಗೆ ಹೊಸ ಘಟನೆಗಳು ನೆನಪಿನಲ್ಲಿ ಉಳಿಯಲಿಲ್ಲ. ಆದರೆ ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಗೆರೆ ತಿದ್ದುವ ಕೆಲಸ ಕೊಟ್ಟರೆ ದಿನದಿಂದ ದಿನಕ್ಕೆ ಕೈ ಪಳಗುತ್ತಿತ್ತು, ಹಿಂದೆ ಮಾಡಿದ್ದು ಮಾತ್ರ ನೆನಪಿರುತ್ತಿರಲಿಲ್ಲ. ಅಂದರೆ ಲಿಯೊನಾರ್ಡ್‌ನ ಷರಾಕ್ಕೆ ಆಧಾರವಿದೆ. ಆದರೂ ಆ ತಿರಸ್ಕಾರದ ಪತ್ರ ಸ್ಯಾಮಿಯ ಹೆಂಡತಿಯನ್ನು ಎಲ್ಲಿಗೆ ಕೊಂಡೊಯ್ಯುತ್ತದೆ ಎಂದು ನೋಡುವಾಗ ನನಗೆ ಕುರ್ಚಿಯಲ್ಲಿ ಸರಿಯಾಗಿ ಕೂರಲಾಗಲಿಲ್ಲ. ನಮ್ಮಲ್ಲಿ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಬಂದ ಮೇಲೆ ವೈದ್ಯಕೀಯ ವಿಮೆಯಲ್ಲಿ ದೇಹದ ಕಾಯಿಲೆ, ಮನಸ್ಸಿನ ಕಾಯಿಲೆ ಎಂದು ಭೇದ ಮಾಡುವಂತಿಲ್ಲ. ಆ ಕಾಯ್ದೆ ಏಕೆ ಬೇಕಿತ್ತು ಎಂದು ಯಾರಾದರೂ ಕೇಳಿದರೆ ಈ ಕೆಲವು ನಿಮಿಷಗಳನ್ನು ತೋರಿಸಬಹುದು. ಸ್ಯಾಮಿ ಕುರ್ಚಿಯಲ್ಲಿ ಕುಳಿತಿರುವ ಆಸ್ಪತ್ರೆಯ ದೃಶ್ಯದಲ್ಲಿ ಮಾತ್ರ ಕಣ್ಣು ಮಿಟುಕಿಸಬೇಡಿ.

ಕೊರತೆಗಳಿಲ್ಲವೇ? ಇವೆ. ಹೊಸದೇನೂ ನೆನಪಿಲ್ಲದವನಿಗೆ ತನಗೆ ಮರೆವಿನ ಕಾಯಿಲೆ ಇದೆ ಎಂಬುದಾದರೂ ಹೇಗೆ ನೆನಪಿರುತ್ತದೆ? ಅಭ್ಯಾಸಬಲ ಎಂಬ ಉತ್ತರ ಕೊಡುತ್ತಾರೆ, ಅದು ತೇಪೆ. ಕೊನೆಯಲ್ಲಿ ಟೆಡ್ಡಿಯ ಪಾತ್ರಧಾರಿ ಜೋ ಪ್ಯಾಂಟೊಲಿಯಾನೊ ಗಂಟುಗಳನ್ನು ಒಂದೇ ಉಸಿರಿನಲ್ಲಿ ಬಿಚ್ಚುತ್ತಾರೆ. ಅಷ್ಟು ಹೊತ್ತು ನಮ್ಮ ಬುದ್ಧಿಯನ್ನು ಗೌರವಿಸಿದ ಚಿತ್ರ ಅಲ್ಲಿ ಭಾಷಣಕ್ಕೆ ಇಳಿದಂತೆ ಕಾಣುತ್ತದೆ. ಹೇಳುತ್ತಿರುವವನು ನಂಬಬೇಡ ಎಂದು ಬರೆಸಿಕೊಂಡವನು ಎಂಬುದೇ ಅದರ ಸೊಗಸು ಎಂದು ಅಕ್ಕನ ಮಗ ವಾದಿಸುತ್ತಾನೆ. ಇರಬಹುದು, ನನಗೆ ಪೂರ್ತಿ ಒಪ್ಪಿಗೆಯಾಗಿಲ್ಲ. ಗೈ ಪಿಯರ್ಸ್ ಅಭಿನಯದ ಬಗ್ಗೆ ಇಬ್ಬರಿಗೂ ತಕರಾರಿಲ್ಲ. ಓಡುತ್ತಿರುವ ಲಿಯೊನಾರ್ಡ್‌ಗೆ ತಾನು ಅಟ್ಟಿಸಿಕೊಂಡು ಹೋಗುತ್ತಿದ್ದೇನೋ, ತನ್ನನ್ನೇ ಅಟ್ಟಿಸಿಕೊಂಡು ಬರುತ್ತಿದ್ದಾರೋ ಗೊತ್ತಾಗದ ಒಂದು ಕ್ಷಣವಿದೆ. ಆಗ ಅವರ ಮುಖ ನೋಡಿ ಮನೆಮಂದಿಯೆಲ್ಲ ನಕ್ಕೆವು.

ತಲೆಕೆಳಗಾದ ಕಥೆ ನಮ್ಮ ಪ್ರೇಕ್ಷಕರಿಗೆ ಹೊಸದಲ್ಲ. 1998ರಲ್ಲಿ ಉಪೇಂದ್ರ ಅವರ ‘ಎ’ ಬಂದಾಗಲೇ ಮೊದಲಾವುದು ಕೊನೆಯಾವುದು ಎಂದು ತಲೆ ಕೆರೆದುಕೊಂಡು ಮತ್ತೆ ಟಿಕೆಟ್ ಕೊಂಡವರು ನಾವು. ಹಾಗಾಗಿ ಇಂಗ್ಲಿಷ್ ಚಿತ್ರ, ಅರ್ಥವಾಗದು ಎಂದು ಹೆದರಬೇಕಿಲ್ಲ. ಮಾತು ವೇಗವಾಗಿದೆ, ಸಬ್‌ಟೈಟಲ್ ಹಾಕಿಕೊಳ್ಳಿ. ಅತ್ಯಾಚಾರ, ಕೊಲೆ, ಹೊಲಸು ಬೈಗುಳ ಇರುವುದರಿಂದ ಮಕ್ಕಳನ್ನು ಮಲಗಿಸಿದ ಮೇಲೆ ಹಚ್ಚಿ. ಒಂದು ಡಿವಿಡಿ ಆವೃತ್ತಿಯಲ್ಲಿ ಇಡೀ ಕಥೆಯನ್ನು ನೇರ ಕ್ರಮದಲ್ಲಿ ಜೋಡಿಸಿದ ರೂಪವನ್ನೂ ಅಡಗಿಸಿಟ್ಟಿದ್ದಾರೆ. ಅದು ಸಿಕ್ಕಿದರೂ ಮೊದಲು ಅದನ್ನು ನೋಡಲು ಹೋಗಬೇಡಿ. ನಟಾಲಿ ಯಾರೆಂದು ಮೊದಲೇ ತಿಳಿದುಬಿಟ್ಟರೆ ಪೆನ್ನಿನ ದೃಶ್ಯದಲ್ಲಿ ಏನೂ ಉಳಿಯುವುದಿಲ್ಲ.