ಮೋಕ್ಸಾ ಯುಪೋರ್ಟ್ 1150ಐ: ದಾಲ್ ಮಿಲ್ಲಿನ ಆರ್‌ಎಸ್-485 ಲೈನಿನಲ್ಲಿ ಬಳಸಿ ನೋಡಿದ ಮೇಲೆ

ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದ ಒಂದು ದಾಲ್ ಮಿಲ್ಲಿನಲ್ಲಿ ರೋಲರ್ ಮತ್ತು ಎಲಿವೇಟರ್‌ಗಳ ಡ್ರೈವ್‌ಗಳು (ಮೋಟಾರಿನ ವೇಗ ನಿಯಂತ್ರಿಸುವ ಸಾಧನಗಳು), ಮುಖ್ಯ ಪ್ಯಾನಲ್ಲಿನ ಎನರ್ಜಿ ಮೀಟರ್ ಹಾಗೂ ಡ್ರೈಯರಿನ ಟೆಂಪರೇಚರ್ ಕಂಟ್ರೋಲರ್ ಇವಿಷ್ಟನ್ನೂ ಒಂದೇ ಆರ್‌ಎಸ್-485 ಲೈನಿಗೆ ತಂದು ಕಂಪ್ಯೂಟರಿನಲ್ಲಿ ಓದುವ ಕೆಲಸಕ್ಕೆ ನಾನು ಮೋಕ್ಸಾ ಕಂಪನಿಯ ಯುಪೋರ್ಟ್ 1150ಐ ಎಂಬ ಯುಎಸ್‌ಬಿ-ಸೀರಿಯಲ್ ಕನ್ವರ್ಟರನ್ನು ಬಳಸಿದ್ದೇನೆ. ಆರ್‌ಎಸ್-485 ಎಂದರೆ ಒಂದೇ ಜೋಡಿ ತಂತಿಯ ಮೇಲೆ ಅನೇಕ ಸಾಧನಗಳು ಸಂದೇಶ ಕಳಿಸುವ ಸೀರಿಯಲ್ ಲೈನ್. ಮೋಕ್ಸಾ ತೈವಾನಿನ ಕಂಪನಿ. ಸೀರಿಯಲ್ ಸಂವಹನದ ಉಪಕರಣಗಳಿಗೆ ಹೆಸರಾಗಿದೆ. ಈ ಕನ್ವರ್ಟರಿನ ಬೆಲೆ ಸಾಧಾರಣ ಯುಎಸ್‌ಬಿ ಕನ್ವರ್ಟರಿಗಿಂತ ಹಲವು ಪಟ್ಟು ಹೆಚ್ಚು. ಅಷ್ಟು ಕೊಟ್ಟು ಕೊಳ್ಳಬೇಕೇ ಎಂದು ಕೇಳುವ ಮಿಲ್ ಮಾಲೀಕರಿಗೂ ಅಲ್ಲಿನ ಎಲೆಕ್ಟ್ರಿಷಿಯನ್ನರಿಗೂ ಈ ವಿಮರ್ಶೆ ನೆರವಾಗಲಿ ಎಂಬುದು ನನ್ನ ಆಶಯ.

ಇದರಲ್ಲಿ ಹಣಕ್ಕೆ ತಕ್ಕದ್ದು ಹೆಸರಿನ ಕೊನೆಯ ‘ಐ’ ಅಕ್ಷರವೇ. ಆ ಅಕ್ಷರವಿರುವ ಮಾದರಿಯಲ್ಲಿ ಕಂಪ್ಯೂಟರಿನ ಕಡೆಗೂ ಲೈನಿನ ಕಡೆಗೂ ನಡುವೆ 2 ಕಿಲೋವೋಲ್ಟ್ ಐಸೋಲೇಷನ್, ಅಂದರೆ ವಿದ್ಯುತ್ ನೇರವಾಗಿ ದಾಟದಂತೆ ಬೇರ್ಪಡಿಸುವ ವ್ಯವಸ್ಥೆ ಇದೆ. ಬರೀ 1150 ಎಂಬ ಮಾದರಿಯಲ್ಲಿ ಅದಿಲ್ಲ. ತರಿಸುವಾಗ ಬಿಲ್ಲಿನ ಮೇಲೆ ಅಕ್ಷರವನ್ನು ಖಚಿತಪಡಿಸಿಕೊಳ್ಳಬೇಕು. ಇದೇ ಮಿಲ್ಲಿನಲ್ಲಿ ಮೊದಲು ಐಸೋಲೇಷನ್ ಇಲ್ಲದ ಅಗ್ಗದ ಕನ್ವರ್ಟರೊಂದಿತ್ತು. ಮೇಜಿನ ಮೇಲೆ ಒಂದು ಮೀಟರಿಗೆ ಕಟ್ಟಿ ನೋಡಿದರೆ ಅದು ಸೊಗಸಾಗಿ ಓದುತ್ತಿತ್ತು. ರೋಲರಿನ ಮೋಟಾರು ಶುರುವಾದ ಕೂಡಲೇ ಕಂಪ್ಯೂಟರಿನಿಂದ ಪೋರ್ಟೇ ಮಾಯವಾಗುತ್ತಿತ್ತು. ಡ್ರೈವ್ ಪ್ಯಾನಲ್ಲಿನ ಅರ್ಥಿಂಗ್ ಬೇರೆ, ಕಚೇರಿಯ ಕಂಪ್ಯೂಟರಿನ ಅರ್ಥಿಂಗ್ ಬೇರೆ ಇರುವಲ್ಲಿ ಎರಡರ ನಡುವಿನ ವೋಲ್ಟೇಜ್ ವ್ಯತ್ಯಾಸ ಲೈನಿನ ಮೂಲಕವೇ ಹರಿಯಲು ನೋಡುತ್ತದೆ. ಆರ್‌ಎಸ್-485 ಸ್ಟ್ಯಾಂಡರ್ಡ್ ಪ್ರಕಾರ ಲೈನಿನ ತಂತಿಗಳು ಉಪಕರಣದ ಗ್ರೌಂಡಿಗೆ ಹೋಲಿಸಿ ಮೈನಸ್ 7ರಿಂದ ಪ್ಲಸ್ 12 ವೋಲ್ಟಿನೊಳಗೆ ಇರಬೇಕು. ಅದಕ್ಕಿಂತ ಆಚೆ ಹೋದರೆ ಸಂದೇಶ ಕೆಡುತ್ತದೆ, ಕೆಲವೊಮ್ಮೆ ಚಿಪ್ಪೇ ಸುಟ್ಟುಹೋಗುತ್ತದೆ. 1150ಐ ಹಾಕಿದ ಮೇಲೆ ಎಲ್ಲ ಮೋಟಾರುಗಳೂ ಓಡುತ್ತಿರುವಾಗಲೂ ಪೋರ್ಟ್ ಅಲುಗಾಡಿಲ್ಲ. ಆದರೆ ಐಸೋಲೇಷನ್ ಇದೆಯೆಂದು ಗ್ರೌಂಡ್ ತಂತಿಯನ್ನು ಬಿಡಬಾರದು. ಕನ್ವರ್ಟರಿನ 5ನೇ ಪಿನ್ನನ್ನು ಡ್ರೈವ್‌ಗಳ ಸಂವಹನದ ಕಾಮನ್ ಟರ್ಮಿನಲ್ಲಿಗೆ ಮೂರನೆಯ ತಂತಿಯಾಗಿ ಎಳೆಯಲೇಬೇಕು; ಕೇಬಲ್ಲಿನ ಶೀಲ್ಡನ್ನು ಮಾತ್ರ ಒಂದೇ ಕಡೆ ಅರ್ಥ್ ಮಾಡಬೇಕು.

ಇನ್ನು ಈ ಉಪಕರಣದ ಬಗ್ಗೆ ನನಗಿರುವ ದೊಡ್ಡ ತಕರಾರು. ಡಬ್ಬಿಯಿಂದ ತೆಗೆದಾಗ ಇದು ಆರ್‌ಎಸ್-232 (ಒಂದೇ ಸಾಧನಕ್ಕೆ ನೇರವಾಗಿ ಕಟ್ಟುವ ಸೀರಿಯಲ್ ಪದ್ಧತಿ) ಸ್ಥಿತಿಯಲ್ಲಿರುತ್ತದೆ. ಡ್ರೈವರ್ ಹಾಕಿ, ಎರಡು ತಂತಿ ಕಟ್ಟಿ, ಸಾಫ್ಟ್‌ವೇರ್ ತೆರೆದರೆ ಏನೂ ಬರುವುದಿಲ್ಲ. ವಿಂಡೋಸ್‌ನ ಡಿವೈಸ್ ಮ್ಯಾನೇಜರಿನಲ್ಲಿ ಪೋರ್ಟುಗಳ ಪಟ್ಟಿಯಲ್ಲಲ್ಲ, ಮಲ್ಟಿಪೋರ್ಟ್ ಸೀರಿಯಲ್ ಅಡಾಪ್ಟರ್ ಎಂಬ ಇನ್ನೊಂದು ತಲೆಬರಹದ ಕೆಳಗೆ ಯುಪೋರ್ಟನ್ನು ತೆರೆದು, ಅಲ್ಲಿ ಇಂಟರ್‌ಫೇಸನ್ನು ಎರಡು ತಂತಿಯ 485 ಎಂದು ಬದಲಿಸಬೇಕು. ಲೈನಿನ ಕೆಲಸಕ್ಕೆಂದೇ ಇದನ್ನು ಕೊಳ್ಳುವವರು ಹೆಚ್ಚಿರುವಾಗ ಈ ಸಂಗತಿಯನ್ನು ಡಬ್ಬಿಯ ಮೇಲೆಯೇ ಎದ್ದುಕಾಣುವಂತೆ ಅಚ್ಚುಹಾಕಿದ್ದರೆ ಎಷ್ಟೋ ಜನರ ಅರ್ಧ ದಿನ ಉಳಿಯುತ್ತಿತ್ತು. ಒಮ್ಮೆ ಬದಲಿಸಿದ ಮೇಲೆ ಕಳಿಸುವುದು ಮತ್ತು ಸ್ವೀಕರಿಸುವುದರ ದಿಕ್ಕನ್ನು ಕನ್ವರ್ಟರೇ ನೋಡಿಕೊಳ್ಳುತ್ತದೆ. ಸಾಫ್ಟ್‌ವೇರಿನಲ್ಲಿ ಬೇರೇನೂ ಹೊಂದಿಸಬೇಕಿಲ್ಲ. ಬೇರೆ ಸಪ್ಲೈ ಸಹ ಬೇಡ, ಯುಎಸ್‌ಬಿಯಿಂದಲೇ ನಡೆಯುತ್ತದೆ.

ಎರಡನೆಯ ಗೊಂದಲ ಎ ಮತ್ತು ಬಿ ಅಕ್ಷರಗಳದ್ದು. ಮೋಕ್ಸಾದಲ್ಲಿ 3ನೇ ಪಿನ್ ಡೇಟಾ ಪ್ಲಸ್, ಅದಕ್ಕೆ ‘ಬಿ’ ಎಂಬ ಗುರುತು. 4ನೇ ಪಿನ್ ಡೇಟಾ ಮೈನಸ್, ಅದು ‘ಎ’. ಇದು ಸ್ಟ್ಯಾಂಡರ್ಡಿಗೆ ಸರಿಯಾದ ಗುರುತೇ. ಆದರೆ ಲೈನಿಗೆ ಸಂದೇಶ ಕಳಿಸುವ, ಸ್ವೀಕರಿಸುವ ಟ್ರಾನ್ಸೀವರ್ ಚಿಪ್ ತಯಾರಕರಲ್ಲಿ ಹೆಚ್ಚಿನವರು ‘ಎ’ ಎಂಬುದನ್ನೇ ಪ್ಲಸ್ ಎಂದು ಬಳಸುತ್ತ ಬಂದಿರುವುದರಿಂದ ಅನೇಕ ಡ್ರೈವ್ ಮತ್ತು ಮೀಟರುಗಳ ಮೇಲೆ ಗುರುತು ತಿರುವುಮುರುವಾಗಿದೆ. ಆದ್ದರಿಂದ ಅಕ್ಷರವನ್ನು ನಂಬದೆ ಪ್ಲಸ್, ಮೈನಸ್ ಚಿಹ್ನೆಯನ್ನೇ ನಂಬಬೇಕು. ಚಿಹ್ನೆಯೂ ಇಲ್ಲದಿದ್ದರೆ ತಂತಿಗಳನ್ನು ಅದಲುಬದಲು ಮಾಡಿ ನೋಡಬೇಕು, ಅದರಿಂದ ಏನೂ ಕೆಡುವುದಿಲ್ಲ. ಇಲ್ಲಿ ಯುಪೋರ್ಟಿನ ಮೈಮೇಲಿನ ಎಲ್‌ಇಡಿಗಳು ಬಹಳ ಉಪಯುಕ್ತ. ಕಳಿಸುವ ದೀಪ ಮಿನುಗಿ ಸ್ವೀಕರಿಸುವ ದೀಪ ಸುಮ್ಮನಿದ್ದರೆ ತಂತಿ, ಬಾಡ್ ರೇಟ್ (ಸಂದೇಶದ ವೇಗ), ಪ್ಯಾರಿಟಿ (ದೋಷ ಪತ್ತೆಗೆ ಸೇರಿಸುವ ಬಿಟ್) ಅಥವಾ ಸಾಧನದ ವಿಳಾಸ ತಪ್ಪಿದೆ ಎಂದರ್ಥ. ಎರಡೂ ಮಿನುಗುತ್ತಿದ್ದು ಸಾಫ್ಟ್‌ವೇರ್ ಮಾತ್ರ ದೋಷ ತೋರಿಸಿದರೆ ಉತ್ತರದಲ್ಲಿ ಬಂದ ಬೈಟುಗಳನ್ನೇ ಓದಬೇಕು.

ಉದಾಹರಣೆಗೆ, ಇಂಥ ಸಾಧನಗಳನ್ನು ಓದಲು ಬಳಸುವ ಮಾಡ್‌ಬಸ್ ಆರ್‌ಟಿಯು ಎಂಬ ಸಂದೇಶ ಪದ್ಧತಿಯಲ್ಲಿ 01 03 00 00 00 02 ಎಂದು ಕಳಿಸಿದರೆ 1ನೇ ವಿಳಾಸದ ಸಾಧನದಿಂದ ಮೊದಲ ಎರಡು ಹೋಲ್ಡಿಂಗ್ ರಿಜಿಸ್ಟರುಗಳನ್ನು (ಮೌಲ್ಯಗಳಿರುವ ಸ್ಥಾನಗಳನ್ನು) ಕೇಳಿದಂತೆ. ಇದರ ಕೊನೆಗೆ ಸಂದೇಶ ಕೆಟ್ಟಿಲ್ಲವೆಂದು ಪರೀಕ್ಷಿಸುವ ಎರಡು ಬೈಟಿನ ಸಿಆರ್‌ಸಿ ಇರುತ್ತದೆ. ಉತ್ತರ 01 83 02 ಎಂದು ಬಂದರೆ ಗಾಬರಿಯಾಗಬೇಕಿಲ್ಲ. 83 ಎಂದರೆ 03ರ ಕೋರಿಕೆಗೆ ಬಂದ ದೋಷದ ಉತ್ತರ, 02 ದೋಷದ ಸಂಖ್ಯೆ. ತಂತಿಗಳೂ ಬಾಡ್ ರೇಟೂ ಪ್ಯಾರಿಟಿಯೂ ಸರಿಯಾಗಿವೆ, ಕೇಳಿದ ರಿಜಿಸ್ಟರ್ ಮಾತ್ರ ಆ ಸಾಧನದಲ್ಲಿಲ್ಲ ಎಂದು ಅದು ಹೇಳುತ್ತಿದೆ. ಕೈಪಿಡಿಯಲ್ಲಿ 40001 ಎಂದು ಬರೆದದ್ದು ಸಂದೇಶದಲ್ಲಿ ಸೊನ್ನೆಯಾಗುತ್ತದೆ ಎಂಬುದು ನೆನಪಿದ್ದರೆ ಈ ದೋಷ ಬೇಗ ಬಗೆಹರಿಯುತ್ತದೆ.

ಕನ್ವರ್ಟರ್ ಎಷ್ಟೇ ಒಳ್ಳೆಯದಿದ್ದರೂ ಕೇಬಲ್ಲಿನ ದೋಷವನ್ನು ಅದು ಮುಚ್ಚುವುದಿಲ್ಲ. ಮಿಲ್ಲಿನ ಕೊನೆಯ ಎಲಿವೇಟರಿನ ಡ್ರೈವ್ ಬಗ್ಗೆ ಅಲ್ಲಿನ ಎಲೆಕ್ಟ್ರಿಷಿಯನ್ “ಒಮ್ಮೆ ಬರ್ತದ್ರಿ, ಒಮ್ಮೆ ಬರಂಗಿಲ್ರಿ ಸರ್” ಎಂದು ದೂರುತ್ತಿದ್ದರು. ಲೈನಿನ ಎಲ್ಲ ಸಾಧನಗಳ ಸಪ್ಲೈ ತೆಗೆಸಿ, ಪ್ಲಸ್ ಮತ್ತು ಮೈನಸ್ ನಡುವೆ ಮಲ್ಟಿಮೀಟರ್ ಇಟ್ಟಾಗ 40 ಓಮ್ ತೋರಿಸಿತು. ಲೈನಿನ ಎರಡು ತುದಿಗಳಲ್ಲಿ ಸಂಕೇತ ತಿರುಗಿ ಬಾರದಂತೆ ತಡೆಯುವ ಟರ್ಮಿನೇಷನ್ ಎಂಬ 120 ಓಮ್ ರೆಸಿಸ್ಟರ್ ಒಂದೊಂದು ಇದ್ದರೆ ಸುಮಾರು 60 ಬರಬೇಕು. 40 ಎಂದರೆ ಮೂರನೆಯದೊಂದು ಎಲ್ಲೋ ಸೇರಿಕೊಂಡಿದೆ. ಹುಡುಕಿದಾಗ ನಡುವಿನ ಡ್ರೈವೊಂದರ ಟರ್ಮಿನೇಷನ್ ಸ್ವಿಚ್ ಆನ್ ಆಗಿತ್ತು. ಅದನ್ನು ಆಫ್ ಮಾಡಿದ ಮೇಲೆ ಮೀಟರ್ 60ಕ್ಕೆ ಬಂತು, ಕೊನೆಯ ಡ್ರೈವ್ ತಪ್ಪದೆ ಉತ್ತರಿಸತೊಡಗಿತು. ಒಂದು ಸಾಧನದಿಂದ ಮುಂದಿನದಕ್ಕೆ, ಅಲ್ಲಿಂದ ಇನ್ನೊಂದಕ್ಕೆ ಎಂದು ಸಾಲಾಗಿ ಎಳೆಯಬೇಕಾದ ಕೇಬಲನ್ನು ಜಂಕ್ಷನ್ ಬಾಕ್ಸಿನಿಂದ ಕವಲು ಒಡೆಸಿದ್ದರೂ, ಮೋಟಾರಿನ ಕೇಬಲ್ ಇರುವ ಟ್ರೇಯಲ್ಲೇ ಹಾಸಿದ್ದರೂ ಇಂಥದೇ ಬಂದುಹೋಗುವ ದೋಷ ಕಾಣಿಸುತ್ತದೆ.

ತೂಕದ ಇಂಡಿಕೇಟರಿನಂತಹ ಆರ್‌ಎಸ್-232 ಸಾಧನಕ್ಕೂ ಇದೇ ಕನ್ವರ್ಟರ್ ಸಾಕು. ಡಿವೈಸ್ ಮ್ಯಾನೇಜರಿನಲ್ಲಿ ಇಂಟರ್‌ಫೇಸ್ ಬದಲಿಸಿದರಾಯಿತು. ಲ್ಯಾಪ್‌ಟಾಪ್ ಹಿಡಿದು ಮಿಲ್ಲಿನಿಂದ ಮಿಲ್ಲಿಗೆ ಹೋಗುವ ಸರ್ವಿಸ್ ಕೆಲಸದವರು ಇದನ್ನು ಧೈರ್ಯವಾಗಿ ಕೊಳ್ಳಬಹುದು. ಅರ್ಥಿಂಗ್ ಸರಿಯಿರುವ ಒಂದೇ ಪ್ಯಾನಲ್ಲಿನಲ್ಲಿ ಒಂದೆರಡು ಮೀಟರ್ ಓದುವವರಿಗೆ ಇಷ್ಟು ಖರ್ಚು ಬೇಡ. ಹಗಲು ರಾತ್ರಿ ಬಿಡದೆ ದತ್ತಾಂಶ ಸಂಗ್ರಹಿಸಬೇಕಾದಲ್ಲಿ ಯುಎಸ್‌ಬಿಗಿಂತ ಈಥರ್ನೆಟ್ ಗೇಟ್‌ವೇ (ಲೈನನ್ನು ನೆಟ್‌ವರ್ಕಿಗೆ ಜೋಡಿಸುವ ಸಾಧನ) ಒಳ್ಳೆಯದು; ಯುಎಸ್‌ಬಿಯಲ್ಲೇ ನಡೆಸುವುದಾದರೆ ಕಂಪ್ಯೂಟರಿನ ಸ್ಲೀಪ್ ಹಾಗೂ ವಿಂಡೋಸ್‌ನ ಯುಎಸ್‌ಬಿ ಪವರ್ ಉಳಿತಾಯದ ಆಯ್ಕೆ ಎರಡನ್ನೂ ಮೊದಲೇ ಆಫ್ ಮಾಡಿಡಬೇಕು.