ಪ್ಲ್ಯಾನಿಂಗ್ ಪೋಕರ್ ಕಾರ್ಡುಗಳು: ಆರು ವರ್ಷ ಬಳಸಿದ ಮೇಲೆ

ಒಂದು ಕೆಲಸ ಎಷ್ಟು ದೊಡ್ಡದೆಂದು ಸಾಫ್ಟ್‌ವೇರ್ ತಂಡ ಅಂದಾಜು ಮಾಡಲು ಬಳಸುವ, ಸಂಖ್ಯೆ ಬರೆದ ಕಾರ್ಡುಗಳಿವು. ನಮ್ಮ ಕಟ್ಟಿನಲ್ಲಿ ಅಂಚು ಸವೆದು ಬಣ್ಣ ಬಿಟ್ಟಿರುವುದು 3, 5 ಮತ್ತು 8ರ ಕಾರ್ಡುಗಳು. 40 ಮತ್ತು 100 ಇನ್ನೂ ಹೊಸದಾಗಿಯೇ ಇವೆ. ಅಷ್ಟು ದೊಡ್ಡ ಕೆಲಸ ಬಂದರೆ ನಾವು ಅಂದಾಜು ಮಾಡದೆ ಒಡೆದು ಸಣ್ಣದಾಗಿಸುತ್ತೇವೆ. ಆದ್ದರಿಂದ ಆ ಎರಡು ಕಾರ್ಡುಗಳು ಇಲ್ಲದಿದ್ದರೂ ನಮಗೆ ನಷ್ಟವಿಲ್ಲ.

2002ರಲ್ಲಿ ಜೇಮ್ಸ್ ಗ್ರೆನಿಂಗ್ ವಿವರಿಸಿದ ಪದ್ಧತಿ ಇದು. ಸ್ಟೋರಿಯನ್ನು, ಅಂದರೆ ಮಾಡಬೇಕಾದ ಒಂದು ಕೆಲಸದ ಚಿಕ್ಕ ವಿವರಣೆಯನ್ನು, ಓದಿದ ಮೇಲೆ ಪ್ರತಿಯೊಬ್ಬರೂ ಒಂದು ಕಾರ್ಡನ್ನು ಕವುಚಿ ಇಡಬೇಕು, ಎಲ್ಲರೂ ಒಟ್ಟಿಗೆ ತಿರುಗಿಸಬೇಕು. ಈ 'ಒಟ್ಟಿಗೆ' ಎಂಬುದರಲ್ಲೇ ಅದರ ಸತ್ವವಿದೆ. ಕಾರ್ಡು ಬರುವ ಮೊದಲು ನಮ್ಮ ತಂಡದ ಅತ್ಯಂತ ಅನುಭವಿ ಡೆವಲಪರ್ "ಎರಡು ದಿನ" ಎಂದರೆ ಅಲ್ಲಿಗೆ ಮಾತು ಮುಗಿಯುತ್ತಿತ್ತು. ಮೊದಲು ಕಿವಿಗೆ ಬಿದ್ದ ಸಂಖ್ಯೆಯತ್ತ ಉಳಿದವರ ಅಂದಾಜೂ ವಾಲುತ್ತದೆ.

ಒಂದು ಪ್ರಸಂಗ ಇಂದಿಗೂ ನೆನಪಿದೆ. ನೋಂದಣಿ ಅರ್ಜಿಗೆ ಹುಟ್ಟಿದ ದಿನಾಂಕದ ಅಂಕಣ ಸೇರಿಸುವ ಕೆಲಸ. ಡೆವಲಪರ್‌ಗಳೆಲ್ಲ 2 ತೋರಿಸಿದರು, ಟೆಸ್ಟರ್ 13 ತೋರಿಸಿದರು. ಕಾರಣ ಕೇಳಿದಾಗ ಒಂದೊಂದಾಗಿ ಹೇಳಿದರು: ಹಳೆಯ ದಾಖಲೆಗಳಲ್ಲಿ ದಿನಾಂಕವೇ ಇಲ್ಲ, ಅದು ಖಾಲಿಯಿದ್ದರೆ ಮೂರು ವರದಿಗಳು ಕೆಡುತ್ತವೆ, ಸಮಯವಲಯ ಬದಲಾದರೆ ದಿನಾಂಕ ಒಂದು ದಿನ ಹಿಂದೆ ಸರಿಯುತ್ತದೆ. ಕೋಡ್ ಬರೆಯುವವರಿಗೆ ಇದಾವುದೂ ಹೊಳೆದಿರಲಿಲ್ಲ. ಆ ಹತ್ತು ನಿಮಿಷ ನಮ್ಮನ್ನು ಎಷ್ಟೋ ದಿನಗಳ ದುರಸ್ತಿಯಿಂದ ಉಳಿಸಿತು. ಕೊನೆಗೆ ಬರೆದುಕೊಂಡ ಸಂಖ್ಯೆ ಯಾವುದೆಂದು ನನಗೆ ನೆನಪಿಲ್ಲ; ಅದು ಬೇಕಾಗಿಯೂ ಇಲ್ಲ.

ನನ್ನ ದೂರು ಇರುವುದು ಈ ಸಂಖ್ಯೆ ಕೋಣೆಯಿಂದ ಹೊರಗೆ ಹೋದಾಗ ಆದದ್ದರ ಬಗ್ಗೆ. ಎರಡನೆಯ ವರ್ಷದಲ್ಲಿ ಮೇಲಿನವರು ಪ್ರತಿ ತಂಡದ ವೆಲಾಸಿಟಿಯನ್ನು (ಒಂದು ಸ್ಪ್ರಿಂಟ್‌ನಲ್ಲಿ, ಅಂದರೆ ಕೆಲಸದ ಒಂದು ನಿಗದಿತ ಸುತ್ತಿನಲ್ಲಿ, ಮುಗಿದ ಸ್ಟೋರಿಗಳ ಸಂಖ್ಯೆಗಳನ್ನು ಕೂಡಿಸಿದ ಮೊತ್ತ) ಅಕ್ಕಪಕ್ಕ ಇಟ್ಟು ಹೋಲಿಸತೊಡಗಿದರು. ಯಾರೂ ಮೋಸ ಮಾಡಬೇಕೆಂದು ಕೂರಲಿಲ್ಲ, ಆದರೂ ನಿನ್ನೆಯ 3 ಇಂದು 5 ಆಯಿತು, 5 ಎಂಟಾಯಿತು. ಕೆಲವೇ ತಿಂಗಳಲ್ಲಿ ನಮ್ಮ ವೆಲಾಸಿಟಿ 28ರಿಂದ 41ಕ್ಕೆ ಏರಿತು. ಬಿಡುಗಡೆ ಮಾತ್ರ ಒಂದು ದಿನವೂ ಬೇಗ ಆಗಲಿಲ್ಲ. ಮೊಳದ ಕೋಲನ್ನು ಮೋಟು ಮಾಡಿ ಬಟ್ಟೆ ಹೆಚ್ಚಿತು ಎಂದಂತೆ. ಸ್ಕ್ರಮ್ ಎಂಬ ಕಾರ್ಯಪದ್ಧತಿಯ ಅಧಿಕೃತ ಮಾರ್ಗದರ್ಶಿಯಲ್ಲಿ ಸ್ಟೋರಿ ಪಾಯಿಂಟ್‌ನ, ಅಂದರೆ ಹೀಗೆ ಸ್ಟೋರಿಗೆ ಕೊಡುವ ಸಂಖ್ಯೆಯ, ಪ್ರಸ್ತಾಪವೇ ಇಲ್ಲ ಎಂಬುದನ್ನು ತೋರಿಸಿ, ಆ ಹೋಲಿಕೆಯನ್ನು ನಿಲ್ಲಿಸಲು ನಾವು ಒಂದು ವರ್ಷ ವಾದಿಸಬೇಕಾಯಿತು.

ಮನೆಯಿಂದ ಕೆಲಸ ಮಾಡುವಾಗ ಇದರ ಆ್ಯಪ್ ರೂಪವನ್ನೂ ಬಳಸಿದೆವು. ಅನುಕೂಲವಿದೆ, ಆದರೆ ನಾವು ಬಳಸಿದ ಆ್ಯಪ್ ಎಲ್ಲರ ಮತಗಳ ಸರಾಸರಿಯನ್ನು ತಾನೇ ತೋರಿಸುತ್ತಿತ್ತು. 2 ಮತ್ತು 13ರ ಸರಾಸರಿ ಏಳೂವರೆ. ಅದನ್ನು 8 ಎಂದು ಬರೆದುಕೊಂಡು ಮುಂದೆ ಹೋದರೆ, ಇಬ್ಬರಲ್ಲಿ ಯಾರೂ ನಂಬದ ಸಂಖ್ಯೆಯೊಂದು ಉಳಿಯುತ್ತದೆ, ಕೇಳಬೇಕಿದ್ದ ಪ್ರಶ್ನೆ ಸತ್ತುಹೋಗುತ್ತದೆ. ನೀವು ಆ್ಯಪ್ ಬಳಸುವುದಾದರೆ ಮೊದಲು ಆ ಸೌಲಭ್ಯವನ್ನು ಮುಚ್ಚಿಡಿ.

ಈಗ ಬಿಡುಗಡೆಯ ದಿನಾಂಕ ಕೇಳಿದವರಿಗೆ ಮುಗಿದ ಸ್ಟೋರಿಗಳ ಎಣಿಕೆಯಿಂದ ಉತ್ತರ ಕೊಡುತ್ತೇವೆ. ಕಳೆದ ಹತ್ತು ಸ್ಪ್ರಿಂಟ್‌ಗಳಲ್ಲಿ ಕಡಿಮೆಯೆಂದರೆ 7, ಹೆಚ್ಚೆಂದರೆ 12 ಮುಗಿದಿವೆ. 40 ಬಾಕಿ ಇದ್ದರೆ ನಾಲ್ಕರಿಂದ ಆರು ಸ್ಪ್ರಿಂಟ್ ಬೇಕು ಎನ್ನುತ್ತೇವೆ. ಪಾಯಿಂಟ್ ಕೂಡಿಸಿ ಹೇಳುತ್ತಿದ್ದ ಕಾಲಕ್ಕಿಂತ ಇದು ಕೆಟ್ಟದಾಗಿಲ್ಲ. ಕಾರ್ಡುಗಳನ್ನು ಯಾರಿಗಾದರೂ ಅಳುಕಿರುವ ಸ್ಟೋರಿಗೆ ಮಾತ್ರ ತೆಗೆಯುತ್ತೇವೆ. ಎಲ್ಲದಕ್ಕೂ ಆಡಿದರೆ ಒಂದು ಗಂಟೆಯ ನಂತರ ಜನ ಯೋಚಿಸುವುದನ್ನು ಬಿಟ್ಟು ಪಕ್ಕದವರ ಮುಖ ನೋಡುತ್ತಾರೆ.

ಕೊಳ್ಳುವುದಾದರೆ ಪ್ರಶ್ನೆಚಿಹ್ನೆಯ ಕಾರ್ಡು ಇರುವ ಕಟ್ಟನ್ನೇ ಕೊಳ್ಳಿ. ಹೊಸಬರು "ನನಗೆ ಗೊತ್ತಿಲ್ಲ" ಎಂದು ಬಾಯಿಬಿಟ್ಟು ಹೇಳಲು ಹಿಂಜರಿಯುತ್ತಾರೆ, ಕಾರ್ಡು ಎತ್ತಲು ಹಿಂಜರಿಯುವುದಿಲ್ಲ. ಕಳೆದ ವಾರದ ಸಭೆಯಲ್ಲಿ ಏಳು ಸ್ಟೋರಿಗಳ ಪೈಕಿ ಒಂದಕ್ಕೆ ಮಾತ್ರ ಕಟ್ಟು ಹೊರಬಂತು. 3, 3, 5, ಮತ್ತು ಒಂದು ಪ್ರಶ್ನೆಚಿಹ್ನೆ. ತಂಡಕ್ಕೆ ಬಂದು ತಿಂಗಳೂ ಆಗದ ಹುಡುಗಿ ಕೇಳಿದಳು: "ಮಧ್ಯದಲ್ಲಿ ಸಂಪರ್ಕ ಕಡಿದರೆ ಅರ್ಧ ತುಂಬಿದ ಅರ್ಜಿ ಎಲ್ಲಿ ಉಳಿಯಬೇಕು?" ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಸ್ಟೋರಿ ಮತ್ತೆ ಬಾಕಿ ಕೆಲಸಗಳ ಪಟ್ಟಿಯಾದ ಬ್ಯಾಕ್‌ಲಾಗ್ ಸೇರಿತು.