ವಿದ್ಯಾಕರನ ‘ಸುಭಾಷಿತರತ್ನಕೋಶ’: ತಲೆಬರಹವೇ ಅರ್ಥ ಹೇಳುವ ಸಂಕಲನ

ಒಂದು ಕಾವ್ಯಸಂಕಲನವನ್ನು ಅಳೆಯುವಾಗ ಯಾರ ಪದ್ಯ ಸೇರಿದೆ, ಯಾರದು ಬಿಟ್ಟುಹೋಗಿದೆ ಎಂದು ಲೆಕ್ಕ ಹಾಕುವುದೇ ನಮ್ಮಲ್ಲಿ ವಾಡಿಕೆ. ಆದರೆ ಸಂಕಲನಕಾರನ ನಿಜವಾದ ಕಸುಬು ಗೊತ್ತಾಗುವುದು ಯಾವ ಪದ್ಯದ ಪಕ್ಕದಲ್ಲಿ ಯಾವ ಪದ್ಯವನ್ನು ಇಟ್ಟಿದ್ದಾನೆ ಮತ್ತು ಎರಡಕ್ಕೂ ಸೇರಿಸಿ ಯಾವ ತಲೆಬರಹ ಕೊಟ್ಟಿದ್ದಾನೆ ಎಂಬುದರಲ್ಲಿ. ಇದಕ್ಕೆ ವಿದ್ಯಾಕರನ ‘ಸುಭಾಷಿತರತ್ನಕೋಶ’ಕ್ಕಿಂತ ಒಳ್ಳೆಯ ನಿದರ್ಶನವನ್ನು ನಾನು ಕಂಡಿಲ್ಲ. 11ನೆಯ ಶತಮಾನದ ಕೊನೆ ಅಥವಾ 12ನೆಯದರ ಆರಂಭದಲ್ಲಿ, ಬಂಗಾಳದ ಬೌದ್ಧ ವಿದ್ವಾಂಸನೊಬ್ಬ, ಬಹುಶಃ ಜಗದ್ದಲ ವಿಹಾರದಲ್ಲಿ ಕುಳಿತು, ಸಂಸ್ಕೃತದ ಸುಮಾರು 1,700 ಬಿಡಿ ಪದ್ಯಗಳನ್ನು ಆರಿಸಿ 50 ವ್ರಜ್ಯೆಗಳಲ್ಲಿ, ಎಂದರೆ ವಸ್ತುವಾರು ವಿಭಾಗಗಳಲ್ಲಿ, ಜೋಡಿಸಿದ ಗ್ರಂಥವಿದು. ಡಿ. ಡಿ. ಕೋಸಂಬಿ ಮತ್ತು ವಿ. ವಿ. ಗೋಖಲೆ ಸಂಪಾದಿಸಿದ ಮೂಲಪಾಠ 1957ರಲ್ಲಿ ಹಾರ್ವರ್ಡ್ ಓರಿಯೆಂಟಲ್ ಸೀರೀಸ್‌ನಲ್ಲಿ ಹೊರಬಂದಿತು; ಅದೇ ಮಾಲೆಯಲ್ಲಿ ಡೇನಿಯಲ್ ಇಂಗಲ್ಸ್ ಅವರ ಸಂಪೂರ್ಣ ಇಂಗ್ಲಿಷ್ ಅನುವಾದ 1965ರಲ್ಲಿ ಪ್ರಕಟವಾಯಿತು. ಈ ವಿಮರ್ಶೆ ಎರಡನ್ನೂ ಜೊತೆಗಿಟ್ಟುಕೊಂಡು ಓದಿದ್ದರ ಫಲ.

ಸಂಕಲನ ಬುದ್ಧಸ್ತುತಿಯಿಂದ ಆರಂಭವಾಗುತ್ತದೆ, ಬೋಧಿಸತ್ತ್ವರನ್ನು ದಾಟಿ ಶಿವನಿಗೂ ವಿಷ್ಣುವಿಗೂ ಬರುತ್ತದೆ, ಅಲ್ಲಿಂದ ಸೂರ್ಯ, ಆಮೇಲೆ ವಸಂತದಿಂದ ಶಿಶಿರದವರೆಗೆ ಆರು ಋತುಗಳು. ಋತುಚಕ್ರ ಮುಗಿದ ಮೇಲೆ ಮನ್ಮಥ ಬರುತ್ತಾನೆ. ಮುಂದಿನ ದೀರ್ಘ ಭಾಗವೆಲ್ಲ ಅವನ ರಾಜ್ಯ: ವಯಃಸಂಧಿ (ಹರೆಯದ ಹೊಸ್ತಿಲು), ಯುವತಿ, ಅನುರಾಗ, ಮಾನ (ಪ್ರಣಯದ ಮುನಿಸು), ವಿರಹ. ನಿಜ ಹೇಳಬೇಕೆಂದರೆ ಗ್ರಂಥದಲ್ಲಿ ಓದುಗನ ತಾಳ್ಮೆ ಪರೀಕ್ಷೆಗೆ ಒಳಗಾಗುವುದು ಇಲ್ಲಿಯೇ. ಚಂದ್ರಮುಖ, ಕಮಲನೇತ್ರ, ಕೃಶವಾದ ನಡು ಇವುಗಳನ್ನು ಬಗೆಬಗೆಯ ಚಮತ್ಕಾರದಿಂದ ಹೇಳುವ ಪದ್ಯಗಳು ಸಾಲುಸಾಲಾಗಿ ಬಂದಾಗ, ಬಿಡಿಯಾಗಿ ಓದಿದ್ದರೆ ಮೆಚ್ಚಬಹುದಾಗಿದ್ದ ಪದ್ಯವೂ ಸಪ್ಪೆ ಎನಿಸುತ್ತದೆ. ವಸ್ತುವನ್ನು ಅನುಸರಿಸಿ ಕಟ್ಟಿದ ಎಲ್ಲ ಸಂಕಲನಗಳಿಗೂ ಅಂಟಿಕೊಂಡು ಬಂದ ದೋಷ ಇದು.

ಆದರೆ ಅದೇ ಜೋಡಣೆ ಮತ್ತೊಂದು ಕಡೆ ಮಾಡುವ ಕೆಲಸವನ್ನು ನೋಡಿ. ವಿದ್ಯಾ ಎಂಬ ಕವಯಿತ್ರಿಯ ಹೆಸರಿನಲ್ಲಿ ಬರುವ ಒಂದು ಪದ್ಯದಲ್ಲಿ ಗೃಹಿಣಿಯೊಬ್ಬಳು ನೆರೆಮನೆಯವಳನ್ನು ಕರೆದು ಹೇಳುತ್ತಾಳೆ: ನಮ್ಮ ಮನೆಯ ಕಡೆ ಸ್ವಲ್ಪ ಕಣ್ಣಿಟ್ಟಿರು, ಈ ಮಗುವಿನ ತಂದೆಗೆ ಬಾವಿಯ ಸಪ್ಪೆ ನೀರು ಹಿಡಿಸುವುದಿಲ್ಲ, ಒಬ್ಬಳೇ ಆದರೂ ಹೊಳೆಗೆ ಹೋಗಿ ಬರುತ್ತೇನೆ, ದಟ್ಟವಾಗಿ ಬೆಳೆದ ಲಾಳ ಎಂಬ ಜೊಂಡಿನ ಕಡ್ಡಿಗಳು ಮೈಯನ್ನು ಗೀರಿದರೆ ಗೀರಲಿ. ಇಷ್ಟೇ ಪದ್ಯ. ಗಂಡನ ನಾಲಿಗೆಯ ರುಚಿಗಾಗಿ ಕಷ್ಟಪಡುವ ಸಾಧ್ವಿಯ ಮಾತೆಂದು ಇದನ್ನು ಓದಿ ಪುಟ ತಿರುಗಿಸಲು ಯಾವ ಅಡ್ಡಿಯೂ ಇಲ್ಲ. ವಿದ್ಯಾಕರ ಇದನ್ನು ಇಟ್ಟಿರುವುದು ಮಾತ್ರ ಅಸತೀವ್ರಜ್ಯೆಯಲ್ಲಿ, ಎಂದರೆ ಗಂಡನಿಗೆ ತಪ್ಪಿ ನಡೆಯುವ ಹೆಂಗಸರ ವಿಭಾಗದಲ್ಲಿ. ಆ ತಲೆಬರಹದ ಕೆಳಗೆ ಓದಿದ ಕೂಡಲೇ ಹೊಳೆಯ ದಂಡೆ ನಲ್ಲನನ್ನು ಗುಟ್ಟಾಗಿ ಕೂಡುವ ಸಂಕೇತಸ್ಥಳವಾಗುತ್ತದೆ, ಲಾಳದ ಗೀರುಗಳು ಮುಂದೆ ಮೈಮೇಲೆ ಕಾಣಿಸಲಿರುವ ನಖಕ್ಷತಗಳಿಗೆ, ಅವನ ಉಗುರಿನ ಗುರುತುಗಳಿಗೆ, ಈಗಲೇ ಹೂಡಿಟ್ಟ ನೆಪವಾಗುತ್ತವೆ. ಪದ್ಯದಲ್ಲಿ ಒಂದಕ್ಷರವೂ ಬದಲಾಗಿಲ್ಲ. ಧ್ವನಿಯ, ಎಂದರೆ ಸೂಚಿತವಾದ ಒಳ ಅರ್ಥದ, ಬೀಗದ ಕೈಯನ್ನು ಸಂಕಲನಕಾರ ಬಾಗಿಲಲ್ಲೇ ತೂಗುಹಾಕಿದ್ದಾನೆ. ಓದುಗ ತಾನೇ ಕಂಡುಕೊಳ್ಳುವ ಸಂತೋಷವನ್ನು ಅಷ್ಟರಮಟ್ಟಿಗೆ ಕಸಿದುಕೊಂಡಿದ್ದಾನೆ ಎಂಬುದೂ ನಿಜವೇ. ವಿದ್ಯಾ ಎಂಬ ಈ ಕವಯಿತ್ರಿಯೇ ‘ಕರ್ಣಾಟದ ಸರಸ್ವತಿ’ ಎಂಬ ಹೊಗಳಿಕೆಗೆ ಪಾತ್ರಳಾದ ವಿಜ್ಜಿಕೆ ಎಂದು ಹಲವರು ಭಾವಿಸುತ್ತಾರೆ. ಅದು ಹೌದಾದರೆ ಕನ್ನಡಿಗರು ಈ ಪುಟದಲ್ಲಿ ಇನ್ನೂ ಸ್ವಲ್ಪ ಹೊತ್ತು ನಿಲ್ಲಬಹುದು.

ಗ್ರಂಥದ ಉತ್ತರಾರ್ಧವೇ ನನ್ನ ಮಟ್ಟಿಗೆ ಅದರ ನಿಜವಾದ ಸಂಪತ್ತು. ಸಜ್ಜನ, ದುರ್ಜನರ ವ್ರಜ್ಯೆಗಳಾದ ಮೇಲೆ ದೀನರ ವ್ರಜ್ಯೆ ಬರುತ್ತದೆ. ಅಲ್ಲಿನ ಒಬ್ಬ ಬಡವ ತನ್ನ ಮನೆಯ ಸ್ಥಿತಿಯನ್ನು ಒಂದೊಂದಾಗಿ ಹೇಳಿಕೊಳ್ಳುತ್ತಾನೆ: ಹಸಿದ ಮಕ್ಕಳು ಹೆಣಗಳ ಹಾಗಿದ್ದಾರೆ, ನೆಂಟರು ದೂರವಾಗಿದ್ದಾರೆ, ಒಡೆದ ಗಡಿಗೆಗೆ ಅರಗಿನ ತೇಪೆ ಬಿದ್ದಿದೆ. ಇವು ಯಾವುವೂ ಅವನನ್ನು ಅಷ್ಟಾಗಿ ನೋಯಿಸುವುದಿಲ್ಲ. ಹರಿದ ಬಟ್ಟೆಯನ್ನು ಹೊಲಿದುಕೊಳ್ಳಲು ಹೆಂಡತಿ ಒತ್ತಾಯದ ನಗೆ ತಂದುಕೊಂಡು ಸೂಜಿ ಬೇಡಿದಾಗ ನೆರೆಯವಳು ಸಿಡುಕುವುದನ್ನು ಕಂಡದ್ದೇ ಅವನನ್ನು ಸುಡುತ್ತಿದೆ. ಈ ಸೂಜಿಯನ್ನು ದಾಟಿ ಬಹಳ ದೂರ ಹೋಗುವ ಮೊದಲೇ ಚಾಟುವ್ರಜ್ಯೆ, ಎಂದರೆ ಹೊಗಳಿಕೆಯ ವಿಭಾಗ, ಎದುರಾಗುತ್ತದೆ. ಅಲ್ಲಿ ರಾಜರ ಕೀರ್ತಿ ಲೋಕಗಳನ್ನೆಲ್ಲ ಬೆಳ್ಳಗೆ ಮಾಡುತ್ತಿರುತ್ತದೆ. ಅದಾದ ಮೇಲೆ ನಿರ್ವೇದ, ಮುಪ್ಪು, ಶ್ಮಶಾನ. ವಿದ್ಯಾಕರ ಇದನ್ನು ವ್ಯಂಗ್ಯವಾಗಿಯೇ ಉದ್ದೇಶಿಸಿದನೋ ಇಲ್ಲವೋ, ಪಕ್ಕಪಕ್ಕದ ವಿಭಾಗಗಳು ತಮ್ಮಷ್ಟಕ್ಕೆ ತಾವೇ ಒಂದನ್ನೊಂದು ಮಾತನಾಡಿಸುತ್ತವೆ. ಸಂಸ್ಕೃತ ಕಾವ್ಯ ಆಶ್ರಯದಾತರ ವರ್ಗದ ಕಾವ್ಯವಾಗಿದ್ದು ಅದರಿಂದಲೇ ಸೊರಗಿತು ಎಂಬುದು ಕೋಸಂಬಿಯವರ ಮುನ್ನುಡಿಯ ವಾದ. ಇಂಗಲ್ಸ್ ಅದನ್ನು ಒಪ್ಪದೆ, ಕಾವ್ಯವನ್ನು ಅದರದೇ ಮಾನದಂಡಗಳಿಂದ ನೋಡಬೇಕೆಂದರು. ಯೋಗೇಶ್ವರನಂಥ ಕವಿಗಳು ಬರೆದ ಹಳ್ಳಿ, ಹೊಲ, ಮಳೆಗಾಲದ ಪದ್ಯಗಳನ್ನು ಓದಿದ ಮೇಲೆ ನಾನು ಇಂಗಲ್ಸ್ ಅವರ ಪಕ್ಷಕ್ಕೆ ವಾಲುತ್ತೇನೆ, ಆದರೆ ಚಾಟುವ್ರಜ್ಯೆಯನ್ನು ಓದುತ್ತಿರುವಷ್ಟು ಹೊತ್ತು ಕೋಸಂಬಿಯವರೇ ಸರಿ ಎನಿಸುತ್ತದೆ.

ಇದೇ ಬಗೆಯ ಮುಂದಿನ ಸಂಕಲನಗಳೊಡನೆ ಹೋಲಿಸಿದರೆ ವಿದ್ಯಾಕರನ ವಿವೇಕ ಇನ್ನಷ್ಟು ತಿಳಿಯುತ್ತದೆ. 1205ರಲ್ಲಿ ಬಂಗಾಳದಲ್ಲೇ ಶ್ರೀಧರದಾಸ ರಚಿಸಿದ ‘ಸದುಕ್ತಿಕರ್ಣಾಮೃತ’ ಪ್ರತಿಯೊಂದು ವಸ್ತುವಿಗೂ ಐದೈದು ಪದ್ಯಗಳೆಂಬ ನಿಯಮ ಹಾಕಿಕೊಂಡಿತು. ಇದರಿಂದ ಅಚ್ಚುಕಟ್ಟೇನೋ ಬಂದಿತು. ಆದರೆ ಎರಡೇ ಒಳ್ಳೆಯ ಪದ್ಯಗಳಿರುವ ವಸ್ತುವಿಗೂ ಐದು ಬೇಕು, ಹತ್ತಿರುವ ವಸ್ತುವಿಗೂ ಐದೇ ಸಾಕು ಎಂದಾಗ ಆಯ್ಕೆ ಹೋಗಿ ಭರ್ತಿ ಉಳಿಯುತ್ತದೆ. ವಿದ್ಯಾಕರನ ವ್ರಜ್ಯೆಗಳು ಉದ್ದ, ಗಿಡ್ಡ, ಹೇಗಿದ್ದರೂ ಸರಿ. ಎಲ್ಲಿಯೂ ಸೇರದ ಪದ್ಯಗಳಿಗೆ ಕೊನೆಯ ಹೊತ್ತಿಗೆ ಒಂದು ಸಂಕೀರ್ಣವ್ರಜ್ಯೆಯೂ ಇದೆ, ಅದನ್ನು ಅವನು ಮುಚ್ಚಿಡಲೂ ಹೋಗಿಲ್ಲ. ಕನ್ನಡದಲ್ಲಿ 13ನೆಯ ಶತಮಾನದ ಮಲ್ಲಿಕಾರ್ಜುನ ‘ಸೂಕ್ತಿಸುಧಾರ್ಣವ’ವನ್ನು ಅಷ್ಟಾದಶ ವರ್ಣನೆಗಳ, ಎಂದರೆ ಹದಿನೆಂಟು ಬಗೆಯ ವರ್ಣನೆಗಳ, ಚೌಕಟ್ಟಿನಲ್ಲಿ ಕಟ್ಟಿದ. ಅದು ಮಹಾಕಾವ್ಯದಿಂದ ಎರವಲು ತಂದ ಚೌಕಟ್ಟಾದ್ದರಿಂದ ಅಲ್ಲಿ ಕಡಲಿಗೆ, ನಗರಕ್ಕೆ, ಚಂದ್ರೋದಯಕ್ಕೆ ಸ್ಥಳವುಂಟು; ಸೂಜಿ ಬೇಡುವವಳಿಗೆ ಅಂಥದೊಂದು ತಲೆಬರಹವಿಲ್ಲ.

ಇಂಗಲ್ಸ್ ಅವರ ಅನುವಾದದ ಬಗ್ಗೆ ಎರಡು ಮಾತು. ಪ್ರತಿ ವ್ರಜ್ಯೆಗೂ ಅವರು ಬರೆದಿರುವ ಪ್ರವೇಶಿಕೆಗಳು ಕವಿಸಮಯಗಳನ್ನು (ಕವಿಗಳ ರೂಢಿಯ ಕಲ್ಪನೆಗಳನ್ನು) ಬಲ್ಲವರಿಗೂ ಉಪಯುಕ್ತ. ಋತುಗಳ ಮೇಲಿನವು ಪ್ರತ್ಯೇಕವಾಗಿ ಓದಲು ಯೋಗ್ಯವಾಗಿವೆ. ಅನುವಾದ ಅರ್ಥವನ್ನು ಎಲ್ಲಿಯೂ ಕೈಬಿಡುವುದಿಲ್ಲ, ನಾದವನ್ನು ಬಹುತೇಕ ಎಲ್ಲ ಕಡೆ ಬಿಟ್ಟುಕೊಡುತ್ತದೆ. ಮೂಲ ಶ್ಲೋಕಗಳು ಆ ಸಂಪುಟದಲ್ಲಿ ಇಲ್ಲದಿರುವುದು ದೊಡ್ಡ ಕೊರತೆ: ಸಂಸ್ಕೃತದ ಸಮಾಸ ಕಿವಿಗೆ ಬಿದ್ದರೆ ಅರ್ಧ ಅರ್ಥವಾಗುವ ಕನ್ನಡ ಓದುಗನಿಗೆ ಇದು ಇನ್ನೂ ಹೆಚ್ಚಾಗಿ ಕಾಡುತ್ತದೆ. ಹಾಗಾಗಿ 1957ರ ಮೂಲಪಾಠವನ್ನು ಪಕ್ಕದಲ್ಲಿ ಇಟ್ಟುಕೊಳ್ಳುವುದೇ ಲೇಸು. 1968ರಲ್ಲಿ ಬಂದ ಸಂಕ್ಷಿಪ್ತ ಆವೃತ್ತಿ ಕೈಗೆ ಹಗುರ, ಮೊದಲ ಪರಿಚಯಕ್ಕೆ ಸಾಕು. ಆದರೆ ಅದು ಆಯ್ಕೆಯ ಮೇಲೆ ನಡೆದ ಮತ್ತೊಂದು ಆಯ್ಕೆ. ಪದ್ಯಗಳು ಉದುರಿದಷ್ಟೂ ನೆರೆಹೊರೆ ಚದುರುತ್ತದೆ, ಈ ಗ್ರಂಥದ ಗುಣವೆಲ್ಲ ನೆರೆಹೊರೆಯಲ್ಲೇ ಇರುವುದರಿಂದ, ಸಿಗುವುದಾದರೆ, ಪೂರ್ಣ ಸಂಪುಟವನ್ನೇ ಹುಡುಕಿ ತರಿಸಿಕೊಳ್ಳಬೇಕು.